ಎಡ ಪ್ರಸಾದ

ಗುನಗರಕೇರಿ, ಕುಮಟಾ
೧೨ ಸೆಪ್ಟೆಂಬರ್ ೨೦೨೪

ಮಗಳು ಸುಷ್ಮಾಳಿಗೆ,

ಫೋನಿನಲ್ಲಿ ನನ್ನ ಮಾತು ನಿನಗೆ ತಿಳಿಯೂದಿಲ್ಲ. ನೀನು 'ಎಂತ? ಎಂತ?' ಅನ್ನೂದು, ನಾನು ಇನ್ನೂ ಜೋರು ಮಾಡೂದು, ಕಡೆಗೆ ಕೆಮ್ಮು. ಮಾತು ಕಡಿಮೆ ಮಾಡಿ ಅಂತ ಡಾಕ್ಟರೂ ಹೇಳಿದ್ದಾರೆ. ಅದಕ್ಕೆ ಬರೀತಿದ್ದೇನೆ. ನಿನ್ನ ಆಯಿ ಪೇಟೆಗೆ ಹೋದಾಗ ಟಪಾಲು ಡಬ್ಬಿಗೆ ಹಾಕ್ತಾಳೆ.

ಇಲ್ಲಿ ಎಲ್ಲ ಆರಾಮ. ಗುಡಿಯಲ್ಲಿ ಗದ್ದೆಯಮ್ಮನ ಪೂಜೆ ತಪ್ಪಲಿಲ್ಲ. ನಾವು ಮಂತ್ರ ಹೇಳೂ ಭಟ್ಟರಲ್ಲ, ಗಡಿಗೆ ಮಾಡೂ ಗುನಗರು, ನಮ್ಮದು ಬರೇ ಹೇಳಿಕೆ. ಬಂದವರ ಕಷ್ಟ ಇಂಥದು, ಅವರು ಇಂಥ ಮನೆಯವರು, ನೀನೇ ಕಾಯಬೇಕು ಅಂತ ಪೂಜೆಗೆ ನಿಂತ ಗುನಗ ಅಮ್ಮನಿಗೆ ಜೋರಾಗಿ ಹೇಳಬೇಕು. ಈಗ ನಾನು ಹೇಳಿದ್ದು ಹಿಂದೆ ನಿಂತವರಿಗೇ ಕೇಳೂದಿಲ್ಲ, ಒಳಗೆ ಇದ್ದವಳಿಗೆ ಎಷ್ಟು ಕೇಳ್ತದೋ. ಹಾಗಾಗಿ ಗಂಟೆಯನ್ನ ಸ್ವಲ್ಪ ಜಾಸ್ತಿ ಹೊತ್ತು ಹೊಡೀತೇನೆ.

ಅಮ್ಮ ಮಲಗಿದ್ದಾಳಾ, ಗಂಟೆ ಎಂತಕ್ಕೆ ಅಂತ ನೀ ಸಣ್ಣಕಿರುವಾಗ ಕೇಳಿದ್ದೆ. ನಾನು ನಕ್ಕು ಸುಮ್ಮನಾಗಿದ್ದೆ. ಗಂಟೆ ಅಮ್ಮನ್ನ ಎಬ್ಬಿಸೂಕಲ್ಲ, ನಮ್ಮನ್ನ ಸುಮ್ಮನಿರಿಸೂಕೆ. ಮನೆಯಿಂದ ಹೊತ್ತು ತಂದ ಜಗಳ, ಗೊಣಗಾಟ, ಒಲೆ ಮೇಲಿನ ಬೇಳೆ ತಳ ಹತ್ತಿತಾ ಅನ್ನೂ ಯೋಚನೆ, ಎಲ್ಲ ಆ ಸದ್ದಿಗೆ ಒಂದು ಗಳಿಗೆ ಬಾಯಿ ಮುಚ್ಚಬೇಕು. ಆಮೇಲೆ ಉಳಿಯುವ ಮೌನ ಇದೆಯಲ್ಲ, ಅದರಲ್ಲಿ ಹೇಳಿದ್ದು ಮಾತ್ರ ಅಮ್ಮನಿಗೆ ಮುಟ್ಟೂದು ಅಂತ ನನ್ನ ಅಪ್ಪ ಮಣ್ಣು ತುಳೀತಾ ಹೇಳ್ತಿದ್ದ. ಗುಡಿಯ ಒಂದೊಂದು ಸಾಮಾನಿಗೂ ಹೀಗೆ ಒಂದು ಅರ್ಥ ಇದೆ. ನನ್ನ ನಂತರ ಪೂಜೆಗೆ ನಿಲ್ಲೂವವ ನಿನ್ನ ಚಿಕ್ಕಪ್ಪನ ಮಗ ಮೋಹನ. ಅವನಿಗೆ ಕೇಳೂ ತಾಳ್ಮೆ ಇಲ್ಲ. ನಿನಗೆ ಬರೆದರೆ ಎಲ್ಲಾದರೂ ಉಳೀತದೆ ಅಂತ ಆಸೆ.

ಮಂಗಳೂರಿನ ರಿಪೋರ್ಟ್ ಬಂತು. ಮೋಹನ ಅದರ ಫೋಟೋ ನಿನ್ನ ಗಂಡನ ಮೊಬೈಲಿಗೆ ಕಳಿಸಿದ್ದಾನಂತೆ.

ನಿನ್ನ ಅಪ್ಪ
ಮಾದೇವ


ಶಿರಾಲಿ
೧೮ ಸೆಪ್ಟೆಂಬರ್

ಅಪ್ಪಾ,

ಪುಟ ತುಂಬ ಗಂಟೆ, ಒಂದು ಗೆರೆ ರಿಪೋರ್ಟು! ನಿನ್ನ ಬುದ್ಧಿ ನನಗೆ ಗೊತ್ತಿಲ್ಲವಾ?

ಶ್ರೀಧರ ಫೋಟೋ ತೋರಿಸಿದ ಕೂಡಲೇ ನಾನು ಅದನ್ನ ಭಟ್ಕಳಕ್ಕೆ, ನಮ್ಮ ಮೆಡಿಕಲ್ ಶಾಪಿಗೆ ತಗೊಂಡು ಹೋದೆ. ಅಂಗಡಿಯ ಸಾಹೇಬರು ಓದಿದರು. ಮತ್ತೆ ಓದಿದರು. ಕನ್ನಡಕ ತೆಗೆದು ಒರೆಸಿ, "ಇವತ್ತು ನೀನು ಮನೆಗೆ ಹೋಗು" ಅಂದರು. ಅಷ್ಟೆ. ಔಷಧಿ ಕೊಡುವ ಕೆಲಸ ನನ್ನದು, ಎಷ್ಟೋ ಜನರ ಚೀಟಿ ನೋಡಿ ಅವರ ಮನೆಯ ಸ್ಥಿತಿ ಅಂದಾಜು ಮಾಡಿದವಳು ನಾನು. ನನ್ನ ಅಪ್ಪನ ಕಾಗದ ಓದುವಾಗ ಮಾತ್ರ ಅಕ್ಷರಗಳೇ ಕಾಣಲಿಲ್ಲ.

ನಿನಗೆ ಯಾರೂ ಬಿಡಿಸಿ ಹೇಳಲಿಲ್ಲ ಅಂತಿಟ್ಟುಕೊಂಡು ಹೇಳ್ತೇನೆ. ಇದು ಗಂಟಲ ಕ್ಯಾನ್ಸರ್. ಧ್ವನಿಪೆಟ್ಟಿಗೆಯನ್ನ ಪೂರ್ತಿ ತೆಗೀಬೇಕು. ಕುತ್ತಿಗೆಯ ಮುಂದೆ ಒಂದು ತೂತು ಮಾಡ್ತಾರೆ, ಆಮೇಲೆ ಉಸಿರಾಟ ಅದರಲ್ಲೇ. ಮಾತು ಹೋಗ್ತದೆ. ಜೀವ ಉಳಿಯುವ ಸಾಧ್ಯತೆ ಚೆನ್ನಾಗಿದೆ, ಆದರೆ ತಡ ಮಾಡಿದರೆ ಆ ಮಾತು ಹೇಳೂಕೆ ಬರೂದಿಲ್ಲ ಅಂತ ಡಾಕ್ಟರು ಶ್ರೀಧರನಿಗೆ ಫೋನಿನಲ್ಲಿ ಹೇಳಿದರು. ಈ ತಿಂಗಳು ದಾಟಬಾರದಂತೆ.

ನನಗೆ ಗಂಟೆಯ ಅರ್ಥ ಬೇಡ ಅಪ್ಪ. ತಾರೀಕು ಬೇಕು. ಯಾವತ್ತು ಹೊರಡೋಣ?

ಸುಷ್ಮಾ


ಗುನಗರಕೇರಿ
೨೭ ಸೆಪ್ಟೆಂಬರ್

ಸುಷ್ಮಾ,

ನಿನ್ನ ಪತ್ರವನ್ನ ಆಯಿಗೂ ಓದಿ ಹೇಳಿದೆ. ಕೇಳಿ ಎದ್ದು ಹಿತ್ತಲಿಗೆ ಹೋದಳು.

ಇಂಥ ದೊಡ್ಡ ಕೆಲಸ ನಮ್ಮ ಕೇರಿಯಲ್ಲಿ ಯಾರೂ ಅಮ್ಮನ್ನ ಕೇಳದೆ ಮಾಡೂದಿಲ್ಲ, ನೀನೂ ಬಲ್ಲೆ. ಊರವರಿಗೆಲ್ಲ ಪ್ರಸಾದ ಕೇಳಿ ಕೊಟ್ಟವ ನಾನು, ನನಗೆ ಅಂತ ಕೇಳಿದ್ದು ಇದೇ ಮೊದಲು. ಶುಕ್ರವಾರ ಮಿಂದು, ಕೇಪಳದ ಹೂವನ್ನ ನೀರಲ್ಲಿ ಅದ್ದಿ ಅಮ್ಮನ ಎರಡೂ ಭುಜಕ್ಕೆ ಅಂಟಿಸಿ ಕೂತೆ. ಬಲಗಡೆಯದು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ. ಆಸ್ಪತ್ರೆಗೆ ಹೋಗಲಾ ತಾಯಿ ಅಂತ ಕೇಳಿದೆ.

ಎಡಕ್ಕೆ ಬಿತ್ತು.

ಒಂದೇ ಸಂಗತಿಯನ್ನ ಎರಡನೇ ಸಲ ಕೇಳೂ ಪದ್ಧತಿ ಇಲ್ಲ. ಹಾಗಾಗಿ ಇದು ಇಲ್ಲಿಗೆ ಆತು. ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಇನ್ನೊಂದು. ನಮ್ಮ ಕಳಸದ ಗಡಿಗೆ ಮಣ್ಣಿನದೇ ಎಂತಕ್ಕೆ ಅಂತ ನಿನಗೆ ಗೊತ್ತಿರಲಿ. ಹಿತ್ತಾಳೆಯದು ಮಾಡಿಸಿ ಕೊಡ್ತೇವೆ ಅಂತ ಬಂದವರನ್ನ ನನ್ನ ಅಪ್ಪ ವಾಪಸ್ಸು ಕಳಿಸಿದ್ದ. ಗಡಿಗೆ ಅಂದರೆ ಮನುಷ್ಯನ ಮೈ. ಒಳಗಿನ ನೀರು ಉಸಿರು. ಹೊರಗೆ ಸುತ್ತಿದ ನೂಲು ನರ. ಮೇಲೆ ಕೂರಿಸೂ ತೆಂಗಿನಕಾಯಿ ತಲೆ. ಅಮ್ಮ ಬಂದು ಕೂರೂದು ಬಂಗಾರದಲ್ಲಲ್ಲ, ನಮ್ಮಂಥದೇ ಮಣ್ಣಿನಲ್ಲಿ. ಆದರೆ ಆ ಗಡಿಗೆಗೆ ಒಂದು ಸಣ್ಣ ಬಿರುಕು ಇದ್ದರೂ ಕಳಸಕ್ಕೆ ಇಡೂದಿಲ್ಲ. ಊನ ಆದದ್ದು ಪೂಜೆಗೆ ಸಲ್ಲ. ಕುತ್ತಿಗೆಗೆ ತೂತು ಇದ್ದ ಗಡಿಗೆಯನ್ನ ಅಮ್ಮನ ಮುಂದೆ ಯಾರು ಇಡ್ತಾರೆ, ನೀನೇ ಹೇಳು.

ಅಪ್ಪ


ಶಿರಾಲಿ
೩ ಅಕ್ಟೋಬರ್

ಅಪ್ಪಾ,

ನೀನು ಗಡಿಗೆಯಲ್ಲ. ನನ್ನ ಅಪ್ಪ.

ಹೂವು ಒದ್ದೆ ಜಾಸ್ತಿ ಇದ್ದ ಕಡೆ ನಿಲ್ತದೆ, ಕಡಿಮೆ ಇದ್ದ ಕಡೆ ಬೀಳ್ತದೆ. ಇದನ್ನ ಬರೆಯೂದು ನನಗೆ ಸುಲಭ ಅಲ್ಲ, ಯಾಕಂದರೆ ನನ್ನ ಮದುವೆಗೂ ನೀನು ಅದೇ ಪ್ರಸಾದ ಕೇಳಿದ್ದೆ, ಬಲಕ್ಕೆ ಬಿತ್ತು ಅಂದಾಗ ನಾನು ಕುಣಿದಿದ್ದೆ. ಆಗ ನಂಬಿದವಳು ಈಗ ಯಾಕೆ ನಂಬೂದಿಲ್ಲ ಅಂತ ನೀನು ಕೇಳ್ತೀಯ. ಕೇಳು. ನನಗೆ ನೀನು ಬೇಕು, ಅಷ್ಟೆ.

ಆ ಅಮ್ಮ ನಿನ್ನನ್ನ ಸಾಯಿಸೂದಾದರೆ ನಾನು ಇನ್ನು ಅವಳ ಮೆಟ್ಟಿಲು ಹತ್ತೂದಿಲ್ಲ. ನಾನೇ ಬರೆದದ್ದು ಅಂತ ಇರಲಿ, ಹರಿದು ಹಾಕಬೇಡ.

ಸುಷ್ಮಾ


ಕುಮಟಾ
೧೪ ಅಕ್ಟೋಬರ್

ಮಗಳೇ ಸುಷ್ಮಾ,

ನಾ ಬರೆಯೂದು ಕಡಿಮೆ. ತಪ್ಪು ಇದ್ರೆ ಸರಿ ಮಾಡ್ಕಂಡು ಓದು. ನಿನ್ನ ಅಪ್ಪ ಎಲ್ಲ ಆರಾಮ ಅಂತ ಬರೀತಾರೆ. ಆರಾಮ ಇಲ್ಲ. ಗಂಜಿ ಇಳಿಯೂದಿಲ್ಲ. ತಿಳಿ ಮಾತ್ರ ಕುಡೀತಾರೆ. ನಿನ್ನೆ ಉಗುಳಿದ್ದರಲ್ಲಿ ರಕ್ತ ಇತ್ತು, ಮಣ್ಣು ಮುಚ್ಚಿ ಬಂದ್ರು, ನಾ ಕಂಡೆ. ಮಲಗಿದ್ರೆ ಉಸಿರು ಸೀಟಿ ಹೊಡೆದಾಂಗೆ ಕೇಳ್ತದೆ. ನಾ ಎಂತ ಮಾಡೂದು ಹೇಳು. ಅವರಿಗೆ ಹೇಳೂಕೆ ಹೋದ್ರೆ ಅಮ್ಮ ಬೇಡ ಅಂದಾಳೆ ಅಂತಾರೆ. ಅಮ್ಮನ ಮೇಲೆ ನಾ ಎಂತ ಹೇಳೂದು.

ಮೊನ್ನೆ ನೀ ಬಂದವಳು ಅವರ ಕೂಡೆ ಮಾತಾಡದೆ ಹೋದೆ. ನೀ ಹೋದ ಮೇಲೆ ಅವರು ಜಗಲಿ ಮೇಲೆ ಬಸ್ಸು ಹೋದ ದಾರಿ ನೋಡ್ತಾ ಕೂತಿದ್ರು. ಊಟಕ್ಕೆ ಕರೆದ್ರೂ ಏಳಲಿಲ್ಲ.

ನಾ ಬರೆದೆ ಅಂತ ಅವರಿಗೆ ಹೇಳಬೇಡ.

ಆಯಿ ಗಣಪಿ


ಶಿರಾಲಿ
೧೮ ಅಕ್ಟೋಬರ್

ಅಪ್ಪಾ,

ಮೊನ್ನೆ ಬಂದಾಗ ಮಾತಾಡಬೇಕು ಅಂತಲೇ ಬಂದಿದ್ದೆ. ನೀನು ಗುಡಿಯ ಹಣತೆ ತಿಕ್ಕುತ್ತಾ ಕೂತಿದ್ದೆ. ನಿನ್ನ ಅಂಗಿ ಹೆಗಲ ಮೇಲೆ ಜೋಲಾಡ್ತಿತ್ತು. ಅದನ್ನ ಕಂಡ ಮೇಲೆ ಬಾಯಿ ತೆರೆದರೆ ಕೂಗಾಡ್ತೇನೆ ಅಂತ ಹೆದರಿಕೆ ಆತು. ಅದಕ್ಕೆ ಹೋದೆ. ಸಿಟ್ಟಿನಿಂದಲ್ಲ.

ಇಲ್ಲಿ ಫೋನು ರಿಂಗಾದರೆ ಶ್ರೀಧರನೇ ಮೊದಲು ನೋಡ್ತಾನೆ, ಯಾರದ್ದು ಅಂತ ಹೇಳಿ ಆಮೇಲೆ ನನಗೆ ಕೊಡ್ತಾನೆ. ಕುಮಟೆಯ ನಂಬರ್ ಅಂದರೆ ಅವನಿಗೇ ಮೊದಲು ಮಾತಾಡು ಅಂತೇನೆ.

ಡಾಕ್ಟರು ಮತ್ತೆ ಫೋನ್ ಮಾಡಿದ್ದರು. ಜಾಗ ಇನ್ನೂ ಇಟ್ಟಿದ್ದಾರಂತೆ. ಎಷ್ಟು ದಿನ ಅಂತ ಹೇಳಲಿಲ್ಲ.

ಗಂಜಿಯನ್ನ ಮಿಕ್ಸಿಗೆ ಹಾಕಿ ತೆಳ್ಳಗೆ ಮಾಡಿ ಕುಡಿ. ಯಾರೂ ಹೇಳಿದ್ದಲ್ಲ, ನಾನೇ ಬರೀತಿದ್ದೇನೆ.

ಸುಷ್ಮಾ


ಗುನಗರಕೇರಿ
೨೯ ಅಕ್ಟೋಬರ್

ಸುಷ್ಮಾ,

ಒಂದು ಸಂಗತಿ ನಡೆದಿದೆ. ನಿನ್ನ ಆಯಿಗೂ ಹೇಳಲಿಲ್ಲ. ನಿನಗೆ ಹೇಳದೆ ಇರೂಕೆ ಆಗೂದಿಲ್ಲ.

ಕಳೆದ ಸೋಮವಾರ ಮಧ್ಯಾಹ್ನದ ಪೂಜೆ ಮುಗಿಸಿ ಬಾಗಿಲು ಎಳೀತಿದ್ದೆ. ಗುಡಿ ಮುಂದೆ ರಿಕ್ಷಾ ನಿಂತಿತು. ಕೇರಿಯ ತುದಿಮನೆ ಬಂಗಾರಿ ಇಳಿದಳು, ಹಿಂದೆ ಅವಳ ಸೊಸೆ ನೀಲಾ. ನೀಲಾಳ ಮಗಳು ಅಂಕಿತಾ, ಶಾಲೆಗೆ ಹೋಗೂ ಹುಡುಗಿ, ರಿಕ್ಷಾದ ಸೀಟಿನಲ್ಲಿ ಮುದುಡಿ ಬಿದ್ದಿತ್ತು. ಹೊಟ್ಟೆನೋವು, ಜ್ವರ. ಕುಮಟೆಯ ಡಾಕ್ಟರು ನೋಡಿ, ಕೊಯ್ಯಬೇಕಾಗ್ತದೆ, ಈಗಿಂದೀಗ ಹೊನ್ನಾವರಕ್ಕೆ ಹೋಗಿ ಅಂದರಂತೆ. ನೀಲಾಳ ಗಂಡ ಗೋವಾದಲ್ಲಿ ಕೆಲಸಕ್ಕಿದ್ದಾನೆ. ಮನೆಯಲ್ಲಿ ಬಂಗಾರಿಯ ಮಾತೇ ಮಾತು.

"ಅಮ್ಮನ್ನ ಕೇಳದೆ ನನ್ನ ಮೊಮ್ಮಗಳ ಹೊಟ್ಟೆಗೆ ಕತ್ತಿ ಹಾಕೂಕೆ ಬಿಡೂದಿಲ್ಲ, ಗುನಗರೇ" ಅಂದಳು. "ನೀವೇ ಅಮ್ಮ ಬೇಡ ಅಂದದ್ದಕ್ಕೆ ಹೋಗಲಿಲ್ಲವಲ್ಲ. ನಮಗೂ ಕೇಳಿ ಕೊಡಿ."

ನೀಲಾ ನನ್ನ ಮುಖ ನೋಡಿದಳು. ಆ ನೋಟ ನೀನು ಅವತ್ತು ಅಂಗಳದಲ್ಲಿ ನಿಂತು ನೋಡಿದ ಹಾಗೇ ಇತ್ತು.

ಒಳಗೆ ಹೋಗಿ ದೀಪ ಏರಿಸಿದೆ. ಹೂವು ಅಂಟಿಸಿದೆ. ಹೇಳಿಕೆ ಮಾಡಿದೆ, ಗಾಳಿಯೇ ಹೆಚ್ಚು, ಮಾತು ಕಡಿಮೆ. ಬಂಗಾರಿ ಹೊಸ್ತಿಲ ಆಚೆ ಕೈಮುಗಿದು ಕೂತಿದ್ದಳು. ನೀಲಾ ಬಾಗಿಲ ಬದಿಯ ಗೋಡೆಗೆ ಒರಗಿ ನಿಂತಿದ್ದಳು. ಹೊರಗೆ ಮಗು ನರಳೂದು ಕೇಳ್ತಿತ್ತು.

ಎಡಕ್ಕೆ ಬಿತ್ತು, ಸುಷ್ಮಾ.

"ಎಂತ ಬಂತು?" ಅಂತ ಬಂಗಾರಿ ಕೇಳಿದಳು.

ನಾನು ಅಮ್ಮನಿಗೆ ಅಡ್ಡ ನಿಂತಿದ್ದೆ. "ಬಲ" ಅಂದೆ. "ಬಲಕ್ಕೆ ಕೊಟ್ಟಾಳೆ, ಹೋಗಿ, ನಿಲ್ಲಬೇಡಿ" ಅಂದೆ. ತಿಂಗಳಿಂದ ಹೊರಡದ ನನ್ನ ದನಿ ಆ ಮಾತಿಗೆ ಮಾತ್ರ ಮೊದಲಿನಂತೆ ಹೊರಟಿತು. ಬಿದ್ದ ಹೂವನ್ನ ಮುಷ್ಟಿಯೊಳಗೆ ಹಿಡಕೊಂಡೆ. ರಿಕ್ಷಾ ತಿರುಗಿ ಹೋದ ಮೇಲೆ ಅಲ್ಲೇ ಕೂತುಬಿಟ್ಟೆ.

ಮಗುವಿನ ಹೊಟ್ಟೆಯೊಳಗೆ ಅಪೆಂಡಿಕ್ಸ್ ಒಡೆದು ಕೀವು ಹರಡಿತ್ತಂತೆ. ಹೊನ್ನಾವರದಲ್ಲಿ ಅವತ್ತೇ ಆಪರೇಷನ್ ಮಾಡಿದರು. ಮರುದಿನ ಬಂದಿದ್ದರೆ ಅಂತ ಹೇಳಿ ಡಾಕ್ಟರು ಮಾತು ಪೂರಾ ಮಾಡಲಿಲ್ಲಂತೆ. ಹುಡುಗಿ ಈಗ ಎದ್ದು ಕೂತಿದೆ.

ನನ್ನ ಅಪ್ಪ, ಅವನ ಅಪ್ಪ, ಯಾರೂ ಅಮ್ಮನ ಉತ್ತರವನ್ನ ತಿರುಗಿಸಿ ಹೇಳಿದವರಲ್ಲ. ನಾನು ಹೇಳಿದೆ. ಅದರ ಶಿಕ್ಷೆ ಯಾರ ಮೇಲೆ ಬರ್ತದೋ ಅಂತ ಹೆದರಿಕೆ. ಆ ಮಗುವಿನ ಮೇಲೆ ಬಂದರೆ? ನಿನ್ನ ಮೇಲೆ? ಹಾಗಂತ ಅವಳು ಮಗು ಸಾಯಲಿ ಅಂದಳು ಅಂತ ನಂಬೂಕೆ ನನ್ನಿಂದ ಆಗೂದಿಲ್ಲ. ಹಾಗಾದರೆ ಹೂವು ಬಿದ್ದದ್ದಕ್ಕೆ ಅರ್ಥ ಎಂತ? ಗುಡಿಯ ಎಲ್ಲ ಸಾಮಾನಿನ ಅರ್ಥ ನಿನಗೆ ಬರೀತೇನೆ ಅಂದವನು ನಾನು. ಇದೊಂದರ ಅರ್ಥ ನನಗೆ ಗೊತ್ತಿಲ್ಲ ಮಗಾ.

ನೀಲಾಳಿಗೆ ಹೋಗು ಅಂದ ಬಾಯಲ್ಲಿ ನಾನು ಹೋಗೂದಿಲ್ಲ ಅನ್ನೂದು ಈಗ ಆಗ್ತಾ ಇಲ್ಲ. ತಾರೀಕು ಕೇಳು. ಬರ್ತೇನೆ.

ಅಪ್ಪ


ಶಿರಾಲಿ
೨ ನವೆಂಬರ್

ಅಪ್ಪಾ,

ಹದಿನಾಲ್ಕಕ್ಕೆ ಸೇರಬೇಕು. ಹದಿಮೂರಕ್ಕೆ ಬೆಳಿಗ್ಗೆ ನಾನು, ಶ್ರೀಧರ ಗಾಡಿ ತಕೊಂಡು ಬರ್ತೇವೆ. ಆಯಿಯೂ ತಯಾರಾಗಿರಲಿ.

ನಿನ್ನ ಪತ್ರವನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ, ಔಷಧಿ ಡಬ್ಬಗಳ ನಡುವೆ ನಿಂತು ಓದಿದೆ. ನಾನು ಗೆದ್ದೆ ಅಂತ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಇಷ್ಟು ದಿನ ನೀನು ಬರೂದಿಲ್ಲ ಅಂತ ಹೆದರಿದ್ದೆ. ಈಗ ನೀನು ಬರ್ತೇನೆ ಅಂದ ಮೇಲೆ, ಅಲ್ಲಿ ಏನಾದರೂ ಆದರೆ ಅಂತ. ನೀನು ಅಮ್ಮನ ಮಾತು ಮೀರಿ ಹೊರಟವ, ನಿನ್ನನ್ನ ಹೊರಡಿಸಿದವಳು ನಾನು. ಅವಳ ಮೆಟ್ಟಿಲು ಹತ್ತೂದಿಲ್ಲ ಅಂತ ಬರೆದವಳು ನಿನ್ನೆ ಭಟ್ಕಳದಿಂದ ಬರುವಾಗ ದಾರಿಯಲ್ಲಿ ಕಂಡ ಗುಡಿಗೆಲ್ಲ ಬಸ್ಸಿನೊಳಗಿಂದಲೇ ಕೈಮುಗಿದೆ.

ತಡ ಆದದ್ದಕ್ಕೆ ಗಡ್ಡೆ ಸ್ವಲ್ಪ ಬೆಳೆದಿರಬಹುದು ಅಂತ ಡಾಕ್ಟರು ಅಂದರು. ಎಷ್ಟು ಅಂತ ಗಂಟಲು ತೆರೆದ ಮೇಲೇ ಗೊತ್ತಾಗೂದಂತೆ.

ಹೂವಿನ ಸಂಗತಿ ಯಾರಿಗೂ ಹೇಳಬೇಡ. ನೀಲಾಳಿಗಂತೂ ಬೇಡ. ಅವಳು ನೆಮ್ಮದಿಯಿಂದ ಇರಲಿ.

ಸುಷ್ಮಾ


ಗುನಗರಕೇರಿ
೮ ನವೆಂಬರ್

ಸುಷ್ಮಾ,

ಇದು ಮುಟ್ಟೂಕೆ ಮೊದಲೇ ನೀವು ಬಂದರೂ ಬಂದಿರಿ. ಆದರೂ ಬರೀತೇನೆ. ಎದುರು ಕೂತರೆ ಹೇಳೂಕೆ ಬರೂದಿಲ್ಲ.

ಶ್ರೀಧರ ಫೋನ್ ಮಾಡಿ, ಮಾವ, ನಿಮ್ಮ ಮಾತನ್ನ ಮೊಬೈಲಿನಲ್ಲಿ ತುಂಬಿಸಿ ಇಟ್ಟುಕೊಳ್ಳುವಾ ಅಂದ. ಒಳ್ಳೇ ಮನಸ್ಸಿನಿಂದ ಕೇಳಿದ. ಬೇಡ ಅಂದೆ. ಈ ಒಡಕು ದನಿ ನಿಮ್ಮ ಹತ್ತಿರ ಉಳಿಯೂದು ನನಗೆ ಬೇಡ.

ಇವತ್ತು ಮೋಹನನಿಗೆ ಬೀಗದ ಕೈ ಕೊಟ್ಟೆ. ಕೊಡೂ ಮೊದಲು ಬಾಗಿಲು ಹಾಕಿಕೊಂಡು ಅಮ್ಮನ ಎದುರು ಕೂತೆ. ದನಿ ಇರುವಾಗ ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿದೆ. ಎಂತ ಹೇಳಿದೆ ಅಂತ ಕೇಳಬೇಡ.

ಕಡೆಗೆ ಕರ್ಪೂರ ಹಚ್ಚಿದೆ. ಕರ್ಪೂರ ಉರಿದ ಮೇಲೆ ತಟ್ಟೆಯಲ್ಲಿ ಏನೂ ಉಳಿಯೂದಿಲ್ಲ. ನಾನು, ನನ್ನದು ಅನ್ನೂದು ಹಾಗೆ ಕರಗಿ ಹೋಗಬೇಕು ಅಂತ ಅದರ ಅರ್ಥ. ಇಷ್ಟು ವರ್ಷ ಎಲ್ಲರಿಗೂ ಹಾಗೇ ಹೇಳಿದವ ನಾನು. ಇವತ್ತು ಅದು ಸಣ್ಣಗಾಗ್ತಾ ಬಂದಾಗ ಇನ್ನೊಂದು ತುಂಡು ಹಾಕಿದೆ. ನನಗೆ ಉಳೀಬೇಕು ಅಂತ ಆಸೆ ಇದೆ ಮಗಾ. ನಾಚಿಕೆ ಬಿಟ್ಟು ಬರೀತಿದ್ದೇನೆ.

ಅಪ್ಪ


ಗುನಗರಕೇರಿ
೨೭ ಜನವರಿ ೨೦೨೫

ಸುಷ್ಮಾ,

ಆಸ್ಪತ್ರೆಯಲ್ಲಿ ಸ್ಲೇಟಿನ ಮೇಲೆ ಬರೆದು ಬರೆದು ನಿನ್ನ ಜೊತೆ ಜಗಳ ಮಾಡಿದ್ದೇ ಆತು. ಪತ್ರ ಬರೆಯೂದು ಈಗಲೇ. ನೀನು ಶಿರಾಲಿಗೆ ವಾಪಸ್ಸು ಹೋದ ಮೇಲೆ ಮನೆ ಸಪ್ಪೆ ಆಗಿದೆ. ಗಂಜಿ ಇಳೀತದೆ. ನಿನ್ನೆ ಮೀನುಸಾರಿನ ತಿಳಿ ಹಾಕಿ ಕೊಟ್ಟಳು ನಿನ್ನ ಆಯಿ. ಕುತ್ತಿಗೆಯ ತೂತಿಗೆ ಬಟ್ಟೆ ಕಟ್ಟಿಕೊಳ್ತೇನೆ. ಮೊದಮೊದಲು ಕೇರಿಯವರು ಅದನ್ನ ನೋಡಬಾರದು ಅಂತ ಬೇರೆ ಕಡೆ ನೋಡ್ತಿದ್ದರು. ಈಗ ಅಭ್ಯಾಸ ಆಗಿದೆ.

ಗುಡಿಗೆ ಹೋಗೂಕೆ ಹೆದರಿಕೆ ಇತ್ತು. ಊನ ಆದವ ನಾನು, ಹೇಗೆ ಹೋಗಲಿ ಅಂತ. ಮೋಹನನೇ ಬಂದು ಕೈ ಹಿಡಿದು ಕರಕೊಂಡು ಹೋದ. "ನಿಂಗೆ ಹೊಗೆ ಆಗೂದಿಲ್ಲ ದೊಡ್ಡಪ್ಪ, ಆರತಿ ನಾ ಮಾಡ್ತೆ, ನೀ ಬಾಗಿಲಲ್ಲಿ ಕೂತು ತೀರ್ಥ ಕೊಡು" ಅಂದ. ಊರವರು ಯಾರೂ ಬೇಡ ಅನ್ನಲಿಲ್ಲ. ಒಬ್ಬರಾದರೂ ಅಂತಾರೆ ಅಂತ ಕಾದಿದ್ದೆ.

ಮಂಗಳವಾರ ಜನ ಇತ್ತು. ಮೋಹನ ಆರತಿ ಮಾಡಿದ. ಹೇಳಿಕೆಯ ಹೊತ್ತಿಗೆ ಅವನು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಅವನಿಗೆ ಬರೂದಿಲ್ಲ, ನನಗೆ ಆಗೂದಿಲ್ಲ. ಯಾರೋ ಕೆಮ್ಮಿದರು. ಬೆವರು ಇಳಿದು ನನ್ನ ಬಟ್ಟೆ ಒದ್ದೆಯಾತು. ಎದ್ದು ಹೋಗಿಬಿಡುವಾ ಅನ್ನಿಸಿತು.

ಆಗ ಬಂಗಾರಿ ಮುಂದೆ ಬಂದಳು. "ಗದ್ದೆಯಮ್ಮಾ, ನಾ ಬಂಗಾರಿ. ನಮ್ಮ ಗುನಗಂಗೆ ಗಂಟಲಿಲ್ಲ, ಹಂಗಾಗಿ ನಾನೇ ಹೇಳ್ತೆ. ನಮ್ಮನೆ ದನ ಕರು ಹಾಕಿ ಹಾಲು ಬಿಡೂದಿಲ್ಲ, ಸ್ವಲ್ಪ ನೋಡು" ಅಂದಳು. ಜನ ನಕ್ಕರು. ಆಮೇಲೆ ಒಬ್ಬೊಬ್ಬರೇ ಶುರು ಮಾಡಿದರು. ಕೆಲವರು ಪಿಸುಮಾತಲ್ಲಿ, ಕೆಲವರು ಜಗಳಕ್ಕೆ ನಿಂತ ಹಾಗೆ. ಇಷ್ಟು ವರ್ಷ ಇವರ ಪರವಾಗಿ ನಾನೇ ಹೇಳಿದವ. ಅವರವರ ಬಾಯಲ್ಲಿ ಕೇಳುವಾಗ ಬೇರೆಯೇ ಇತ್ತು.

ಎಲ್ಲರೂ ಹೋದ ಮೇಲೆ ನೀಲಾ ಅಂಕಿತಾಳನ್ನ ಕರಕೊಂಡು ಬಂದಳು. ಬೇಕೆಂದೇ ಹಿಂದೆ ಉಳಿದಿದ್ದಳು ಅಂತ ಕಾಣ್ತದೆ. ನನ್ನನ್ನ ನೋಡಲಿಲ್ಲ. ಅಮ್ಮನ ಎದುರು ನಿಂತು ಸಣ್ಣ ದನಿಯಲ್ಲಿ, "ಅಮ್ಮಾ, ಅವತ್ತು ಎಡಕ್ಕೆ ಬಿದ್ದದ್ದು ನಾನೂ ಕಂಡಿದ್ದೆ. ಬಲ ಬಿದ್ದರೂ ಎಡ ಬಿದ್ದರೂ ನಾ ಹೋಗೂವವಳೇ. ತಪ್ಪು ಆಗಿದ್ದರೆ ನನ್ನ ಮೇಲೆ ಹಾಕು, ಗುನಗರ ಮೇಲೆ ಹಾಕಬೇಡ" ಅಂದಳು.

ಇಷ್ಟು ದಿನ ಇದನ್ನ ನಾನೊಬ್ಬನೇ ಹೊತ್ತಿದ್ದೇನೆ ಅಂದುಕೊಂಡಿದ್ದೆ. ಅವಳೂ ಹೊತ್ತಿದ್ದಳು. ಅತ್ತೆಗೆ ಹೇಳದೆ, ಗಂಡನಿಗೆ ಹೇಳದೆ. ತೀರ್ಥ ಎತ್ತಿದೆ, ಅರ್ಧ ನೆಲಕ್ಕೆ ಚೆಲ್ಲಿತು. ನೀಲಾ ನನ್ನ ಕೈಯನ್ನೇ ಹಿಡಿದು ತನ್ನ ಅಂಗೈಗೆ ಬಗ್ಗಿಸಿಕೊಂಡಳು. ಮಗುವೂ ಕೈ ಒಡ್ಡಿತು.

ಮುಂದಿನ ವಾರ ಗುರುವಾರ ಮಂಗಳೂರಿಗೆ ತೋರಿಸೂಕೆ ಹೋಗಬೇಕು. ಗಡ್ಡೆ ಎಲ್ಲ ಹೋಗಿದೆಯಾ, ಎಲ್ಲಾದರೂ ಉಳಿದಿದೆಯಾ ಅಂತ ಅವತ್ತು ಹೇಳ್ತಾರಂತೆ. ಮೋಹನ ಬರ್ತೆ ಅಂದಿದ್ದಾನೆ, ನಿನ್ನ ಆಯಿಯೂ ಬರ್ತಾಳೆ. ನಿನಗೆ ರಜೆ ಸಿಗೂದು ಕಷ್ಟ, ಬರೂದು ಬೇಡ ಅಂತ ಬರೀಬೇಕು ಅಂತಲೇ ಕೂತವನು.

ಹೆದರಿಕೆ ಆಗ್ತದೆ. ನೀ ಬಾ.

ನಿನ್ನ ಅಪ್ಪ
ಮಾದೇವ